ಹೊನ್ನಜ್ಜಿಯ ಬಟ್ಟಲ ಕಡಲು

ನಮ್ಮ ಅಜ್ಜಿಯರ ಅಜ್ಜಿಯರು ಇನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೂ ಬಹಳ ಹಿಂದೆ, ಅಳಿವೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ರಾಜನಿದ್ದ, ಕೋಟೆಯಿತ್ತು, ಬಂದರಿತ್ತು, ದೀಪದ ಗೋಪುರವಿತ್ತು, ಮನೆಮನೆಯ ಮಾಡಿನಲ್ಲಿ ಬಲೆಯೂ ತೂಗುತ್ತಿತ್ತು. ಇಲ್ಲದ್ದು ಒಂದೇ, ಕಡಲು.

ಕಡಲು ಮೊದಲಿನಿಂದಲೂ ಇಲ್ಲದ್ದೇನಲ್ಲ. ಅದನ್ನು ಒಬ್ಬ ಮಾಂತ್ರಿಕ ಕದ್ದಿದ್ದ. ಅವನ ನಿಜವಾದ ಹೆಸರು ಏನಿತ್ತೋ, ಜನ ಅವನನ್ನು ಒಣಕಲ ಎಂದೇ ಕರೆಯುತ್ತಿದ್ದರು. ಅಲೆಯ ಸದ್ದಿಗೆ ತನಗೆ ನಿದ್ದೆ ಬರುವುದಿಲ್ಲ ಎಂಬುದು ಅವನ ದೂರು. ನಿದ್ದೆ ಬಾರದಿದ್ದರೆ ಬೇರೆ ಊರಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಷ್ಟು ಬುದ್ಧಿಯಿದ್ದರೆ ಅವನು ಮಾಂತ್ರಿಕನೇಕೆ ಆಗುತ್ತಿದ್ದ? ಒಂದು ಮಧ್ಯಾಹ್ನ ದಡಕ್ಕೆ ಬಂದು, ತುಟಿ ಅಲ್ಲಾಡಿಸಿ, ಇಡೀ ಕಡಲನ್ನು ಒಂದು ಪಾತ್ರೆಯೊಳಕ್ಕೆ ಎಳೆದುಕೊಂಡ. ಆಮೇಲೆ ಬತ್ತಿದ ಕಡಲಿನ ನಡುವೆ ಒಂದು ಕೋಟೆ ಕಟ್ಟಿಕೊಂಡು ಅಲ್ಲಿ ಹಾಯಾಗಿ ಗೊರಕೆ ಹೊಡೆಯತೊಡಗಿದ.

ರಾಜ ಹೋಗಿ ಕೈಮುಗಿದ. ಒಣಕಲ ಆಕಳಿಸುತ್ತಲೇ ಒಂದು ಕರಾರು ಹಾಕಿದ. ಯಾರಾದರೂ ಬಂದು ನನ್ನ ಪಾತ್ರೆಗಳಲ್ಲಿ ಕಡಲು ಯಾವುದೆಂದು ಸರಿಯಾಗಿ ಗುರುತು ಹಿಡಿದರೆ ಅದನ್ನು ಬಿಟ್ಟುಕೊಡುತ್ತೇನೆ, ತಪ್ಪಿದವರು ಉಪ್ಪಿನ ಬೊಂಬೆಯಾಗಿ ನನ್ನ ಅಂಗಳದಲ್ಲಿ ನಿಲ್ಲುತ್ತಾರೆ ಎಂದ. ಕಡಲನ್ನು ಕಣ್ಣಾರೆ ಕಂಡವರು ಮಾತ್ರ ಬರುವಂತಿಲ್ಲ, ಅವರ ಕಾಲು ದಡ ದಾಟುವುದಿಲ್ಲ ಎಂದ. ಕಡಲು ಕಂಡ ಕೊನೆಯ ಕಣ್ಣು ಮುಚ್ಚಿದ ದಿನ ಅದು ಎಂದೆಂದಿಗೂ ತನ್ನದು ಎಂದೂ ಸೇರಿಸಿದ. ಇಷ್ಟು ಹೇಳಿ ಮಗ್ಗುಲು ಬದಲಿಸಿದ.

ಅಂದಿನಿಂದ ಅಳಿವೆನಾಡಿನಲ್ಲಿ ಒಂದು ಪದ್ಧತಿ ಬೆಳೆಯಿತು. ಕಡಲು ಕಂಡವರು ಕಾಣದ ಮಕ್ಕಳಿಗೆ ಅದನ್ನು ತೋರಿಸಬೇಕಲ್ಲ, ಇಲ್ಲದಿದ್ದರೆ ಮುಂದೆ ಗುರುತು ಹಿಡಿಯುವವರು ಯಾರು? ಹಾಗಾಗಿ ಪ್ರತಿ ಹುಣ್ಣಿಮೆಯ ಸಂಜೆ, ದೀಪ ಹಚ್ಚುವ ಮೊದಲು, ಮನೆಯ ಹಿರಿಯರು ಅಡುಗೆಮನೆಯಲ್ಲೇ ಕಡಲು ಮಾಡುತ್ತಿದ್ದರು. ಅದಕ್ಕೆ ಬಟ್ಟಲ ಕಡಲು ಎಂದು ಹೆಸರು. ಮಕ್ಕಳು ಕೈಕಾಲು ತೊಳೆದು ಸುತ್ತ ಕೂರಬೇಕು, ಜಗಳ ಮಾಡಬಾರದು, ಬಟ್ಟಲನ್ನು ಅಲ್ಲಾಡಿಸಬಾರದು.

ಊರಿನ ಬಟ್ಟಲ ಕಡಲುಗಳಲ್ಲೆಲ್ಲ ಹೊನ್ನಜ್ಜಿಯದೇ ಚೆಂದ ಎಂದು ಅವಳ ಮೊಮ್ಮಗಳು ಸೋಮಿಯ ನಂಬಿಕೆ. ಹೊನ್ನಜ್ಜಿ ಬಲೆ ನೇಯುವವರ ಮನೆಯವಳು. ಬೇಲಿಯ ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿ ಕದಡಿದರೆ ಕಂಚಿನ ಬಟ್ಟಲಿನಲ್ಲಿ ಕಡುನೀಲಿ ಇಳಿಯುತ್ತಿತ್ತು. ನೀರು ಆರಿದ ಮೇಲೆ ಅದರೊಳಗೆ ಒಂದು ಕೋಳಿಮೊಟ್ಟೆ ಬಿಡುತ್ತಿದ್ದಳು. ಮೊಟ್ಟೆ ಸೀದಾ ತಳಕ್ಕೆ. ಮಕ್ಕಳೆಲ್ಲ ಅಯ್ಯೋ ಎನ್ನುತ್ತಿದ್ದರು, ಪ್ರತಿ ಹುಣ್ಣಿಮೆಯಲ್ಲೂ ಹೊಸದಾಗಿ. ಅಜ್ಜಿ ಹಿಡಿ ಹಿಡಿ ಉಪ್ಪು ಸುರಿದು ಕದಡುತ್ತಿದ್ದಳು. ಮೊಟ್ಟೆ ಮೆಲ್ಲಗೆ ಮೇಲೆದ್ದು, ತಲೆ ಹೊರಹಾಕಿ ತೇಲುತ್ತಿತ್ತು. ಉಪ್ಪು ಕುಡಿದ ನೀರಿನ ತೋಳಿಗೆ ಶಕ್ತಿ ಜಾಸ್ತಿ, ಅದಕ್ಕೇ ನಿಮ್ಮಜ್ಜನ ದೋಣಿ ಹೊಳೆಯಲ್ಲಿ ನಿಂತದ್ದಕ್ಕಿಂತ ಕಡಲಿನಲ್ಲಿ ಎತ್ತರ ನಿಲ್ಲುತ್ತಿತ್ತು ಎನ್ನುತ್ತಿದ್ದಳು. ಮಳೆಗಾಲವಾದರೆ ಅದೇ ಉಪ್ಪುನೀರಿನಲ್ಲಿ ಸ್ವಲ್ಪ ತೆಗೆದು ಮುಚ್ಚಳ ಹಾಕಿ ಕುದಿಸಿ, ಮುಚ್ಚಳದ ಹನಿಯನ್ನು ಮಕ್ಕಳ ನಾಲಿಗೆಗೆ ಬಿಡುತ್ತಿದ್ದಳು. ಹನಿ ಸಿಹಿ. ಮೋಡವೂ ಹೀಗೆಯೇ, ಕಡಲಿನ ಉಪ್ಪನ್ನು ಕಡಲಿಗೇ ಬಿಟ್ಟು ನೀರನ್ನಷ್ಟೇ ಹೊತ್ತು ಬರುತ್ತದೆ ಎಂದು ಹೇಳಿಕೊಡುತ್ತಿದ್ದಳು.

ಕೊನೆಯದು ಎಲ್ಲಕ್ಕಿಂತ ಚೆಂದ. ಅಜ್ಜಿ ಒಂದು ಲಿಂಬೆಹಣ್ಣು ಕೊಯ್ದು ಬಟ್ಟಲಿಗೆ ಹಿಂಡುತ್ತಿದ್ದಳು. ಕಡುನೀಲಿ ಕಣ್ಣೆದುರೇ ನೇರಳೆಯಾಗಿ, ನೇರಳೆ ಗುಲಾಬಿಯಾಗುತ್ತಿತ್ತು. ಕಡಲಿಗೆ ಸಂಜೆಯಾಯಿತು, ಏಳಿ, ಊಟಕ್ಕೆ ಬನ್ನಿ ಎನ್ನುತ್ತಿದ್ದಳು. ಏಳುವ ಗಡಿಬಿಡಿಯಲ್ಲಿ ಅವಳು ಹೇಳುತ್ತಿದ್ದ ಇನ್ನೊಂದು ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ‘ಇದು ಆಟ ಮಕ್ಕಳೇ. ಕಡಲು ಬೇರೆ.’

ಉಪ್ಪು ಆ ಊರಿನಲ್ಲಿ ಚಿನ್ನಕ್ಕೆ ಸಮ. ಬೆಟ್ಟದಾಚೆಯಿಂದ ಎತ್ತಿನ ಮೇಲೆ ಬರಬೇಕು. ಹಾಗಾಗಿ ಆಟದ ನೀರನ್ನು ಚೆಲ್ಲುವಂತಿಲ್ಲ. ಮರುದಿನ ಅದೇ ನೀರು ಗಂಜಿಗೆ. ಹುಣ್ಣಿಮೆಯ ಮರುದಿನ ಅಳಿವೆನಾಡಿನ ಮನೆಮನೆಯಲ್ಲೂ ಗುಲಾಬಿ ಬಣ್ಣದ, ಹುಳಿಹುಳಿ ಉಪ್ಪುಪ್ಪು ಗಂಜಿ. ಸೋಮಿಗೆ ಬಾಲ್ಯವೆಂದರೆ ಆ ಗಂಜಿಯ ರುಚಿ. ಬೆಳೆದು ಬಲೆ ನೇಯುವ ಕೈ ಬಂದ ಮೇಲೂ ಆ ಬಟ್ಟಲು ಕಂಡರೆ ಅವಳು ಮತ್ತೆ ಚಿಕ್ಕವಳಾಗಿಬಿಡುತ್ತಿದ್ದಳು.

ವರ್ಷಗಳು ಉರುಳಿದವು. ಧೈರ್ಯದ ಹುಡುಗರು ಹೋದರು, ಇಬ್ಬರು ರಾಜಕುಮಾರರೂ ಹೋದರು, ಯಾರೂ ಮರಳಲಿಲ್ಲ. ಕಡಲು ಕಂಡ ಮುದುಕರು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದರು. ಕೊನೆಗೆ ಉಳಿದವಳು ಹೊನ್ನಜ್ಜಿ ಒಬ್ಬಳೇ. ಆ ವರ್ಷ ಅವಳೂ ಹಾಸಿಗೆ ಹಿಡಿದಳು. ಆ ಹೊತ್ತಿನ ಹೊಸ ರಾಜ ತನ್ನ ವೈದ್ಯನನ್ನು ಕಳಿಸಿದ, ಕಡಲು ತಂದವರಿಗೆ ಅರ್ಧ ರಾಜ್ಯ ಕೊಡುತ್ತೇನೆಂದು ಡಂಗುರ ಹೊಡೆಸಿದ. ಆ ಅರ್ಧದಲ್ಲಿ ಅರ್ಧ ಬರೀ ಮರಳು ಎಂಬುದು ಎಲ್ಲರಿಗೂ ಗೊತ್ತಿತ್ತು.

ಸೋಮಿಗೆ ರಾಜ್ಯ ಬೇಕಿರಲಿಲ್ಲ. ಮಲಗಿದಲ್ಲೇ ಅಜ್ಜಿ ಕಾಲ್ಬೆರಳುಗಳನ್ನು ಮುದುಡುವುದು, ಬಿಡಿಸುವುದು ಮಾಡುತ್ತಿದ್ದಳು. ಏನಜ್ಜಿ ಎಂದು ಕೇಳಿದರೆ, ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳನ್ನು ಕಚಗುಳಿ ಇಟ್ಟು ಎಳೆಯುತ್ತಿತ್ತು, ಅದು ನೆನಪಾಯಿತು ಎಂದಳು. ಸೋಮಿ ಅಜ್ಜಿಯ ಕಾಲನ್ನು ಒಮ್ಮೆಯಾದರೂ ಆ ನೀರಿನಲ್ಲಿ ಇಡಿಸಬೇಕು ಎಂದು ಅಂದೇ ಹೊರಟು ನಿಂತಳು.

ಅಜ್ಜಿ ಬೇಡ ಎನ್ನಲಿಲ್ಲ. ಎದ್ದು ಕೂತು, ಪಕ್ಕದ ಊರಿಗೆ ಕಳಿಸುವಂತೆ ಗಂಟು ಕಟ್ಟಿಸಿದಳು. ಮುಚ್ಚಳವಿರುವ ಹಿತ್ತಾಳೆ ಚೆಂಬು, ಚಕಮಕಿ ಕಲ್ಲು, ಒಂದು ಲಿಂಬೆಹಣ್ಣು. ಸುದ್ದಿ ಕೇಳಿ ಕೇರಿಯವರೆಲ್ಲ ತಮ್ಮ ಮಡಕೆಯ ತಳ ಕೆರೆದು ಉಪ್ಪು ತಂದು ಸುರಿದರು. ಅದೇ ಬೇರೊಂದು ದೊಡ್ಡ ಗಂಟಾಯಿತು. ಅಂದು ಆ ಕೇರಿಯಲ್ಲಿ ಎಲ್ಲರದೂ ಸಪ್ಪೆ ಊಟ.

‘ದಾರಿಯಲ್ಲಿ ಏನು ಕಂಡರೂ ಹೆದರಬೇಡ ಮಗಾ,’ ಎಂದಳು ಅಜ್ಜಿ. ‘ಗೊತ್ತಾಗದಿದ್ದರೆ ಅಡುಗೆಮನೇಲಿ ಕೂತಿದೀನಿ ಅಂದ್ಕೋ.’

ಸೋಮಿ ದಡ ದಾಟಿ ಬತ್ತಿದ ಕಡಲಿಗೆ ಇಳಿದಳು. ನೆಲವೆಲ್ಲ ಬಿರುಕು. ಅಲ್ಲಲ್ಲಿ ದೋಣಿಗಳು ಅಡ್ಡಬಿದ್ದಿದ್ದವು, ಅವುಗಳ ಹೊಟ್ಟೆಯಲ್ಲಿ ಗಾಳಿ ಊಳಿಡುತ್ತಿತ್ತು. ನಡೆದು ನಡೆದು ಬಂಡೆಯೊಂದರ ಬಳಿ ಬಂದರೆ, ಬಿಳಿ ಎದೆಯ ಒಂದು ಕಡಲಹದ್ದು ದಾರಿಗೆ ಅಡ್ಡವಾಗಿ ಕೂತಿತ್ತು. ಅದರ ಗಾತ್ರ ಮನೆಯಷ್ಟು. ಪಕ್ಕದಲ್ಲಿ ಕಲ್ಲಿನ ಬಾನಿ, ಅದರ ತುಂಬ ಸಿಹಿನೀರು, ನೀರಿನ ತಳದಲ್ಲಿ ಒಂದು ಮೊಟ್ಟೆ.

ಹದ್ದು ಮನುಷ್ಯರ ಮಾತಿನಲ್ಲೇ ತನ್ನ ಕಷ್ಟ ಹೇಳಿತು. ಮೊಟ್ಟೆಯನ್ನು ಬಾನಿಗೆ ಹಾಕಿದವನು ಒಣಕಲ. ಕೈ ಅದ್ದಿದರೆ, ಕೋಲು ಹಾಕಿದರೆ, ನೀರು ಚೆಲ್ಲಿದರೆ ಮೊಟ್ಟೆ ಕಲ್ಲಾಗಿಬಿಡುತ್ತದೆ. ಅದಾಗಿಯೇ ಮೇಲೆ ಬಂದರೆ ಮಾತ್ರ ಶಾಪ ಕಳೆಯುತ್ತದೆ. ಹಿಂದೆ ಬಂದ ಹುಡುಗರು ಹದ್ದನ್ನು ಹೆದರಿಸಿಯೋ ಮೋಸ ಮಾಡಿಯೋ ದಾಟಿದ್ದರು, ಮೊಟ್ಟೆಯ ಕಡೆ ಯಾರೂ ತಿರುಗಿ ನೋಡಿರಲಿಲ್ಲ.

ಸೋಮಿ ಬಾನಿಯೊಳಗೆ ಇಣುಕಿದಳು. ತಳದಲ್ಲಿ ಬೆಳ್ಳಗೆ ಕೂತ ಮೊಟ್ಟೆ ನೋಡಿದಾಗ ಅವಳಿಗೆ ಹುಣ್ಣಿಮೆಯ ಸಂಜೆಯ ಅಯ್ಯೋ ಎಂಬ ಸ್ವರಗಳೆಲ್ಲ ಕಿವಿಯಲ್ಲಿ ಕೇಳಿಸಿದವು. ಗಂಟು ಬಿಚ್ಚಿ ಉಪ್ಪು ಸುರಿದಳು. ಉಪ್ಪು ತಳದಲ್ಲಿ ಗುಡ್ಡೆಯಾಗಿ ಕೂತಿತು, ಮೊಟ್ಟೆ ಅಲುಗಲಿಲ್ಲ. ಕದಡಬೇಕು, ಆದರೆ ಏನನ್ನೂ ಅದ್ದುವಂತಿಲ್ಲ. ಆಗ ಅವಳು, ಹದ್ದಮ್ಮ, ಸ್ವಲ್ಪ ರೆಕ್ಕೆ ಬೀಸಿಕೊಡು, ನೀರು ತಾನಾಗಿ ತಿರುಗಲಿ ಎಂದು ಕೇಳಿಕೊಂಡಳು. ಹದ್ದು ಮೆಲ್ಲಗೆ ಬೀಸಿತು. ನೀರು ಸುತ್ತಿತು, ಉಪ್ಪು ಕರಗಿತು. ಸೋಮಿ ಇನ್ನಷ್ಟು ಸುರಿದಳು, ಹದ್ದು ಇನ್ನಷ್ಟು ಬೀಸಿತು. ಉಪ್ಪಿನ ಗಂಟು ಖಾಲಿಯಾಗುವ ಹೊತ್ತಿಗೆ ಮೊಟ್ಟೆ ಮೈಮುರಿದು ಎದ್ದು, ನೀರಿನ ಮೇಲೆ ತಲೆ ಹಾಕಿತು. ತಾಯಿ ಹದ್ದು ಅದನ್ನು ರೆಕ್ಕೆಯಡಿ ಎಳೆದುಕೊಂಡು ದಾರಿ ಬಿಟ್ಟಿತು.

ಸೋಮಿ ಹೊರಡುವ ಮೊದಲು ಆ ಉಪ್ಪುನೀರನ್ನು ಚೆಂಬಿನ ತುಂಬ ತುಂಬಿಕೊಂಡಳು. ಆಟದ ನೀರನ್ನು ಬಿಟ್ಟುಬರುವುದು ಅವಳ ಊರಿನ ಹೆಣ್ಣುಮಕ್ಕಳಿಗೆ ಬಾರದ ಕೆಲಸ, ಅಷ್ಟೆ.

ಇನ್ನೊಂದಿಷ್ಟು ದೂರ ಹೋದಾಗ ದಾರಿಯ ಉದ್ದಕ್ಕೂ ಒಂದು ಮಕರ ಮಲಗಿತ್ತು. ಸೊಂಡಿಲು ಆನೆಯದು, ಬಾಲ ಮೀನಿನದು, ಮೈಯೆಲ್ಲ ಒಣಗಿ ಹಳೆಯ ಗೋಡೆಯಂತೆ ಚಕ್ಕೆ ಎದ್ದಿತ್ತು. ಗಂಟಲಿನಲ್ಲಿ ಒಣಕಲ ಇಟ್ಟ ಉಪ್ಪಿನ ಹರಳೊಂದು ಸಿಕ್ಕಿಕೊಂಡಿದೆ, ಒಂದು ಗುಟುಕು ಸಿಹಿನೀರು ಬಿದ್ದರೆ ಕರಗುತ್ತದೆ, ಕೊಡದೆ ದಾಟಿದವರನ್ನು ಬಾಲದಲ್ಲಿ ಹೊಡೆಯಬೇಕೆಂದು ತನಗೆ ಅಪ್ಪಣೆಯಾಗಿದೆ, ಹಿಂದೆ ಬಂದ ಹುಡುಗರೆಲ್ಲ ಪೆಟ್ಟು ತಪ್ಪಿಸಿಕೊಂಡು ಓಡಿದರು ಎಂದಿತು.

ಸೋಮಿ ಬಂದ ದಾರಿಯನ್ನು ತಿರುಗಿ ನೋಡಿದಳು. ಆ ಸೀಮೆಯಲ್ಲಿ ಸಿಹಿನೀರು ಇದ್ದದ್ದು ಬಾನಿಯಲ್ಲಿ ಮಾತ್ರ. ಅದನ್ನು ಈಗಷ್ಟೇ ತಾನೇ ಉಪ್ಪು ಮಾಡಿ ಬಂದಿದ್ದಳು. ಕೈಯಲ್ಲಿದ್ದ ಚೆಂಬು ನೋಡಿ ಮಕರ ಆಸೆಯಿಂದ ಸೊಂಡಿಲು ಚಾಚಿತು. ಅದನ್ನು ತಡೆದು, ಇದು ಕುಡಿದರೆ ನಿನ್ನ ದಾಹ ಹೆಚ್ಚಾಗುತ್ತದೆ ಮಕರಣ್ಣ ಎಂದು ನಿಜ ಹೇಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ತಾನೀಗ ಅಡುಗೆಮನೆಯಲ್ಲಿ ಕೂತಿದ್ದೇನೆ ಎಂದು ಅಂದುಕೊಂಡಳು. ಅಂದುಕೊಂಡದ್ದೇ ತಡ, ಹೊಗೆಯ ವಾಸನೆ, ಸೌದೆಯ ಚಟಚಟ, ಮಳೆಗಾಲದ ಸಂಜೆ, ಅಜ್ಜಿ ಮುಚ್ಚಳ ಎತ್ತಿ ನಾಲಿಗೆಗೆ ಬಿಡುತ್ತಿದ್ದ ಹನಿ, ಎಲ್ಲವೂ ನೆನಪಾಯಿತು.

ಪಕ್ಕದ ದೋಣಿಯಲ್ಲಿ ಒಂದು ಮುರಿದ ಹುಟ್ಟು ಸಿಕ್ಕಿತು. ಯಾರೋ ಅಜ್ಜ ಹಿಡಿದು ಹಿಡಿದು ನುಣುಪಾದ ಹಿಡಿ. ಅದನ್ನು ಸುಡಲು ಮನಸ್ಸು ಚುರ್ ಎಂದರೂ ಬೆಂಕಿ ಮಾಡಿ ಚೆಂಬು ಇಟ್ಟಳು. ಮುಚ್ಚಳದ ಮೇಲೆ ಅದೇ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಹೊದಿಸಿದಳು. ನೀರು ಕುದಿಯಿತು, ಆವಿ ತಣ್ಣಗಿನ ಮುಚ್ಚಳಕ್ಕೆ ಮುಟ್ಟಿ ಹನಿಯಾಯಿತು. ಹನಿಗಳನ್ನೆಲ್ಲ ಒಂದು ಚಿಪ್ಪಿಗೆ ಬಳಿದು, ಮತ್ತೆ ಮುಚ್ಚಿ, ಮತ್ತೆ ಬಳಿದು, ಹೊತ್ತು ಇಳಿಯುವ ತನಕ ಅಲ್ಲೇ ಕೂತಳು. ಚಿಪ್ಪು ತುಂಬಿತು. ಮಕರ ಕುಡಿಯಿತು. ಗಂಟಲಿನ ಹರಳು ಕರಗಿ, ಅದು ಬಿಟ್ಟ ಒಂದು ನಿಟ್ಟುಸಿರಿಗೆ ಮರಳೆಲ್ಲ ಹಾರಿತು. ಚೆಂಬಿನ ತಳದಲ್ಲಿ ಉಳಿದ ಉಪ್ಪನ್ನು ಸೋಮಿ ಕೆರೆದು ಸೆರಗಿಗೆ ಕಟ್ಟಿಕೊಂಡಳು. ಅದು ಕೇರಿಯವರದ್ದು.

ಒಣಕಲನ ಕೋಟೆಯ ಅಂಗಳದ ತುಂಬ ಉಪ್ಪಿನ ಬೊಂಬೆಗಳು. ಎಲ್ಲವೂ ಒಂದೇ ಕಡೆ ಕೈ ಚಾಚಿ, ಖುಷಿಯಿಂದ ನಗುತ್ತ ನಿಂತಿದ್ದವು. ಆ ನಗು ನೋಡಿ ಸೋಮಿಗೆ ಹೆದರಿಕೆಯಾಯಿತು. ತಪ್ಪು ಮಾಡಿದವರು ಇಷ್ಟು ಖುಷಿಯಾಗಿ ಯಾಕಿದ್ದಾರೆ ಎಂಬುದು ಅವಳಿಗೆ ತಿಳಿಯಲಿಲ್ಲ.

ಒಣಕಲ ಹಾಸಿಗೆಯಿಂದಲೇ ಬೆರಳು ತೋರಿಸಿದ. ಮೂರು ಪಾತ್ರೆಗಳಿದ್ದವು. ಮುಟ್ಟಿ ನೋಡಬಹುದು, ಮೂಸಿ ನೋಡಬಹುದು, ಹೆಸರು ಹೇಳುವುದು ಮಾತ್ರ ಒಂದೇ ಸಲ ಎಂದ.

ಮೊದಲನೆಯದು ಗಾಜಿನ ದೊಡ್ಡ ಜಾಡಿ. ಅದರೊಳಗೆ ಗಾಳಿಯೇ ಇಲ್ಲದೆ ಹಸಿರು ಅಲೆ ಆ ತುದಿಯಿಂದ ಈ ತುದಿಗೆ ಉರುಳುತ್ತಿತ್ತು. ಎಷ್ಟು ನಿಧಾನ, ಎಷ್ಟು ನಯ. ಸೋಮಿ ಬೆರಳು ಅದ್ದಿ ಉಜ್ಜಿದಳು. ಜಿಡ್ಡು. ನೆರೆಮನೆಯ ದುಗ್ಗಕ್ಕ ಸೀಸೆಯಲ್ಲಿ ಬಣ್ಣದ ನೀರಿನ ಮೇಲೆ ಎಣ್ಣೆ ಹೊಯ್ದು, ಬಿರಡೆ ಹಾಕಿ, ಅಡ್ಡ ಹಿಡಿದು ತೂಗಿ ಅಲೆ ತೋರಿಸುತ್ತಿದ್ದಳು. ನೀರೂ ಎಣ್ಣೆಯೂ ಎಂದೂ ಬೆರೆಯುವುದಿಲ್ಲ. ಸೋಮಿ ಬೆರಳು ಒರೆಸಿಕೊಂಡು ಮುಂದೆ ಹೋದಳು.

ಎರಡನೆಯದು ಕಂಚಿನ ಕೊಪ್ಪರಿಗೆ. ಅದರೊಳಗೆ ನೋಡಿದವಳೇ ಸೋಮಿ ಅತ್ತುಬಿಟ್ಟಳು. ಅದೇ ಕಡುನೀಲಿ. ಹುಣ್ಣಿಮೆಯ ಸಂಜೆಯ ನೀಲಿ, ಅಡುಗೆಮನೆಯ ನೀಲಿ, ಬಾಗಿ ನೋಡುತ್ತಿದ್ದ ಮಕ್ಕಳ ಮುಖಗಳ ನಡುವೆ ಅಜ್ಜಿಯ ಇನ್ನೂ ಸುಕ್ಕುಗಟ್ಟದ ಕೈ ಆಡುತ್ತಿದ್ದ ನೀಲಿ. ಅವಳು ನಗುತ್ತ ಕೈ ಚಾಚಿದಳು. ಬಾಯಿ ತೆರೆದು, ಇದೇ, ಎನ್ನುವುದೊಂದು ಬಾಕಿ. ಆಗ ತನ್ನ ಚಾಚಿದ ಕೈ ಅವಳ ಕಣ್ಣಿಗೇ ಬಿತ್ತು. ಅಂಗಳದ ಬೊಂಬೆಗಳ ಕೈಯೂ ಹೀಗೆಯೇ ಇತ್ತು, ನಗುವೂ ಹೀಗೆಯೇ.

ಅವಳು ಬಾಯಿ ಮುಚ್ಚಿಕೊಂಡಳು. ಗಂಟಿನಿಂದ ಲಿಂಬೆಹಣ್ಣು ತೆಗೆದು, ಹಲ್ಲಿನಲ್ಲೇ ಸಿಪ್ಪೆ ಕಚ್ಚಿ, ಕೊಪ್ಪರಿಗೆಗೆ ಹಿಂಡಿದಳು. ರಸ ಬಿದ್ದ ಕಡೆಯಿಂದ ನೇರಳೆ ಹರಡಿತು, ನೇರಳೆಯ ನಡುವೆ ಗುಲಾಬಿ ಅರಳಿತು. ಕಡಲಿಗೆ ಸಂಜೆಯಾಗಿತ್ತು. ಅಂದರೆ ಇದು ಬೇಲಿಯ ಹೂವಿನ ನೀರು.

ಒಣಕಲ ಮೊದಲ ಸಲ ಹಾಸಿಗೆಯಲ್ಲಿ ಎದ್ದು ಕೂತ. ‘ಇಲ್ಲಿಯವರೆಗೆ ಬಂದವರೆಲ್ಲ ಅದನ್ನೇ ಕಡಲು ಅಂದರು,’ ಎಂದ. ‘ನಾನೇನೂ ಹೊಸದಾಗಿ ಮಾಯೆ ಮಾಡಲಿಲ್ಲ. ನಿಮ್ಮ ಅಜ್ಜಿಯರು ಮಾಡಿದ್ದನ್ನೇ ಇಟ್ಟೆ.’

ಮೂರನೆಯದು ಬಾಯಿ ಒಡೆದ ಮಣ್ಣಿನ ಹರವಿ. ಅದರಲ್ಲಿ ನೀಲಿಯಿರಲಿಲ್ಲ, ಅಲೆಯಿರಲಿಲ್ಲ. ಸ್ವಲ್ಪ ಕಲಕಿದ, ಬಣ್ಣವಿಲ್ಲದ ನೀರು, ತಳದಲ್ಲಿ ಮರಳು, ಹಸಿ ಮೀನಿನ ಘಾಟು. ನಾಲಿಗೆಗೆ ಮುಟ್ಟಿಸಿದರೆ ಉಪ್ಪಷ್ಟೇ ಅಲ್ಲ, ಕಹಿಯೂ ಹೌದು. ಸೋಮಿಗೆ ಅಳು ಬಂತು, ಈ ಸಲ ಬೇರೆ ಅಳು. ಇದನ್ನೇ ಅಜ್ಜಿ ಇಷ್ಟು ವರ್ಷ ನೆನೆದು ಕಾಲ್ಬೆರಳು ಮುದುಡುತ್ತಿದ್ದದ್ದೇ? ಬಟ್ಟಲ ಕಡಲಿನ ಹತ್ತಿರವೂ ಇದು ಸುಳಿಯುವಂತಿರಲಿಲ್ಲ. ಇದೂ ಮೋಸವಾಗಿದ್ದರೆ ಅವಳು ಉಪ್ಪಾಗುತ್ತಿದ್ದಳು, ಅಜ್ಜಿ ಒಣ ಹಾಸಿಗೆಯಲ್ಲೇ ಕಣ್ಣು ಮುಚ್ಚುತ್ತಿದ್ದಳು.

ಆಗ ಊಟಕ್ಕೆ ಏಳುವ ಗಡಿಬಿಡಿಯಲ್ಲಿ ಯಾರೂ ಕೇಳಿಸಿಕೊಳ್ಳದ ಆ ಮಾತು, ಹಿಂದಿನ ಹುಣ್ಣಿಮೆಗಳೆಲ್ಲದರಿಂದ ಒಟ್ಟಿಗೆ ಬಂದಂತೆ ಅವಳ ಕಿವಿಗೆ ಬಿತ್ತು. ಇದು ಆಟ ಮಕ್ಕಳೇ, ಕಡಲು ಬೇರೆ.

ಸೋಮಿ ಹರವಿಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ‘ನಾನು ನೋಡಿದ ಯಾವುದನ್ನೂ ಇದು ಹೋಲೋದಿಲ್ಲ,’ ಎಂದಳು. ‘ಇದೇ ಕಡಲು.’

ಹೇಳಿದವಳೇ ಹರವಿಯನ್ನು ಬಗ್ಗಿಸಿದಳು. ನೀರು ಬಂತು. ಬರುತ್ತಲೇ ಇತ್ತು. ಮೆಟ್ಟಿಲು ಮುಳುಗಿತು, ಒಣಕಲನ ಮಂಚ ತೇಲಿತು, ಕೋಟೆ ನೆನೆದ ಬೆಲ್ಲದ ಹಾಗೆ ಕುಸಿಯಿತು. ಅಂಗಳದಲ್ಲಿ ಉಪ್ಪಿನ ಬೊಂಬೆಗಳ ಉಪ್ಪು ಕರಗಿ, ಒಳಗಿದ್ದ ಹುಡುಗರು ಕೆಮ್ಮುತ್ತ, ಈಜು ಬಾರದೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ಮಕರ ಬಂದು ಎಲ್ಲರನ್ನೂ ಬೆನ್ನ ಮೇಲೆ ಹೇರಿಕೊಂಡಿತು. ಮೇಲೆ ಹದ್ದು ಹಾರಿತು, ಪಕ್ಕದಲ್ಲಿ ಪುಟ್ಟ ಮರಿಹದ್ದು. ಒಣಕಲ ಏನಾದ ಎಂದರೆ, ಸಣ್ಣ ಬಿಳಿ ಏಡಿಯಾದ. ಅಲೆಯ ಸದ್ದು ಆಗದವನಿಗೆ ಅಲೆಯ ಅಂಚಿನಲ್ಲೇ ಬಿಲ ಸಿಕ್ಕಿತು. ಅಲೆ ಬಂದಾಗಲೆಲ್ಲ ಓಡುತ್ತಾನೆ, ಹೋದಾಗ ಹೊರಬರುತ್ತಾನೆ, ನಿದ್ದೆ ಮಾತ್ರ ಇಲ್ಲ.

ದಡದಲ್ಲಿ ಊರಿಗೆ ಊರೇ ನಿಂತಿತ್ತು. ಮುಂದೆ ಒಂದು ಮಂಚ, ಮಂಚದ ಮೇಲೆ ಹೊನ್ನಜ್ಜಿ. ಅಲೆಯ ಸದ್ದು ದೂರದಿಂದ ಕೇಳಿದ ಕೂಡಲೇ ತನ್ನನ್ನು ಹೊತ್ತು ತನ್ನಿ ಎಂದು ಹಠ ಹಿಡಿದಿದ್ದಳಂತೆ. ಸೋಮಿ ಅವಳನ್ನು ಎತ್ತಿ ನೀರಿನಲ್ಲಿ ನಿಲ್ಲಿಸಿದಳು. ಅಲೆ ಬಂದು, ಹಿಂದೆ ಹೋಗುತ್ತ, ಕಾಲಡಿಯ ಮರಳನ್ನು ಎಳೆಯಿತು. ಅಜ್ಜಿ ಎಳೆಯ ಹುಡುಗಿಯಂತೆ ಕಾಲ್ಬೆರಳು ಮುದುಡಿ ನಕ್ಕಳು, ಅಷ್ಟೆ.

ಸೋಮಿ ಒಂದು ಬೊಗಸೆ ನೀರು ಎತ್ತಿ ನೋಡಿದಳು. ಬಣ್ಣವಿರಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು.

‘ಅಜ್ಜಿ, ನೀನ್ಯಾಕೆ ಅದಕ್ಕೆ ನೀಲಿ ಹಾಕ್ತಿದ್ದೆ? ಆ ನೀಲಿಗೆ ಮರುಳಾಗಿ ಎಷ್ಟು ಜನ ಉಪ್ಪಾದರು ಗೊತ್ತಾ?’

ಅಜ್ಜಿ ದೂರಕ್ಕೆ ಕೈ ತೋರಿಸಿದಳು. ಅಲ್ಲಿ, ಆಕಾಶ ಬಂದು ಮುಟ್ಟುವ ಕಡೆ, ಕಡಲು ಕಡುನೀಲಿಯಾಗಿತ್ತು. ಹುಣ್ಣಿಮೆಯ ಸಂಜೆಯ ನೀಲಿ.

‘ನಾನು ಇಷ್ಟು ವರ್ಷ ಅದನ್ನು ದೂರದಿಂದಲೇ ನೋಡ್ತಿದ್ದೆ ಮಗಾ,’ ಎಂದಳು. ‘ದೂರದಿಂದ ಅದು ನೀಲಿಯೇ.’

ಹೊನ್ನಜ್ಜಿ ಆಮೇಲೆ ಬಹಳ ಕಾಲ ಬದುಕಿದಳು, ದಿನಾ ಸಂಜೆ ನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದಳು. ಸೋಮಿ ಅರ್ಧ ರಾಜ್ಯದ ಬದಲು ಅಜ್ಜನ ದೋಣಿಗೆ ಹೊಸ ಹುಟ್ಟು ಕೇಳಿ ಪಡೆದಳು. ಸೆರಗಿನ ಉಪ್ಪನ್ನು ಕೇರಿಯವರಿಗೆ ಹಂಚಲು ಹೋದರೆ, ಇನ್ನೇನಕ್ಕೆ ಅದು ಎಂದು ಎಲ್ಲರೂ ನಕ್ಕರು. ಉಪ್ಪು ಈಗ ಹಾದಿಬೀದಿಯಲ್ಲಿ ಬಿದ್ದಿರುತ್ತಿತ್ತು, ಮೀನು ಬಲೆ ತುಂಬ ಬರುತ್ತಿತ್ತು, ದೀಪದ ಗೋಪುರಕ್ಕೆ ಕೆಲಸ ಸಿಕ್ಕಿತು, ಎಲ್ಲರೂ ಸುಖವಾಗಿದ್ದರು.

ಮುಂದಿನ ಹುಣ್ಣಿಮೆಯ ಸಂಜೆ ಮಕ್ಕಳೆಲ್ಲ ನಿಜವಾದ ಕಡಲಿಗೆ ಓಡಿದರು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಸೋಮಿ ಒಬ್ಬಳೇ ಬೇಲಿಯಿಂದ ಹೂ ಕಿತ್ತು ತಂದು ಕಂಚಿನ ಬಟ್ಟಲಿಗೆ ಹಾಕಿದಳು. ಮೊಟ್ಟೆ ಮುಳುಗಿತು, ತೇಲಿತು. ಲಿಂಬೆಹಣ್ಣು ಹಿಂಡುವಾಗ ಕಡಲಿನಿಂದ ಮರಳಿದ ಮಕ್ಕಳು, ಮೈಯೆಲ್ಲ ಮರಳು, ಬಾಗಿಲಲ್ಲಿ ನಿಂತು ಇಣುಕಿ, ಒಬ್ಬೊಬ್ಬರಾಗಿ ಸುತ್ತ ಬಂದು ಕೂತರು. ಮರುದಿನ ಎಲ್ಲರ ಮನೆಯಲ್ಲೂ ಉಪ್ಪು ಬೇಕಾದಷ್ಟಿತ್ತು. ಆದರೂ ಗುಲಾಬಿ ಗಂಜಿಯೇ ಬೇಕೆಂದು ಅವರು ಸೋಮಿಯ ಜಗಲಿಯಲ್ಲಿ ತಟ್ಟೆ ಹಿಡಿದು ಕಾದರು.